ಜ್ಯೂಸ್ ಮೇಜಿನ ಪಕ್ಕದ ಸೂಜಿ

ಬೆಳಗಿನ ಆರೂಕಾಲು. ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರ ಅಂಗಳದಲ್ಲಿ ಶಾಮಿಯಾನ ಎದ್ದಿದೆ. ಗೇಟಿನಲ್ಲೇ ಹಳದಿ ಬ್ಯಾನರು: 'ಉದ್ಯೋಗಿಗಳ ಸ್ವಾಸ್ಥ್ಯ ಹಬ್ಬ'. ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಖರ್ಚು ಹೊತ್ತ ಕ್ರೀಮ್ ಬಿಸ್ಕತ್ತು ಕಂಪನಿಯ ಹೆಸರು. ಬ್ಯಾನರಿನ ಕೆಳಗಿನ ಮೇಜಿನ ಮೇಲೆ ಬಿಸ್ಕತ್ತು, ಮಾವಿನ ಜ್ಯೂಸಿನ ಪೊಟ್ಟಣಗಳು. ಒಳಗೆ ಬಂದವರಿಗೆಲ್ಲ ಕೈಗೆರಡು ಕೊಟ್ಟು, ಫೋಟೊ ತೆಗೆದು, ಹದಿನೈದು ಹೆಜ್ಜೆ ಆಚೆಗಿನ ಎರಡನೇ ಮೇಜಿಗೆ ಕಳಿಸುತ್ತಾರೆ. ಅಲ್ಲಿ ಪೂಂಗೊಡಿ ಕೂತಿದ್ದಾರೆ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಎಷ್ಟಿದೆ ಎಂದು ನೋಡುವುದು ಅವರ ಕೆಲಸ.

ಸಿಹಿ ಕುಡಿಸಿ ಖಾಲಿ ಹೊಟ್ಟೆ ಪರೀಕ್ಷಿಸುವ ಈ ಜಾಣತನ ಯಾವ ಪುಣ್ಯಾತ್ಮನ ತಲೆಯಲ್ಲಿ ಹುಟ್ಟಿತೋ ಕಾಣೆ. ಹನ್ನೊಂದು ವರ್ಷದಿಂದ ಈ ಊರಿನಲ್ಲಿದ್ದು ಪತ್ರಿಕೆಗೆ ಬರೆಯುವ ನಾನು ಇಂಥ ಹಬ್ಬಗಳನ್ನು ಬೇಕಾದಷ್ಟು ನೋಡಿದ್ದೇನೆ. ಇದು ತಪ್ಪಲ್ಲವೇ ಎಂದು ಇವತ್ತಿಗೂ ಕೇಳುತ್ತಿರುವವರು ಪೂಂಗೊಡಿ ಒಬ್ಬರೇ.

"ಏನಾದ್ರೂ ತಿಂದ್ಯಾ ಅಮ್ಮಣಿ?" ಎಂದು ಸಾಲಿನ ಹುಡುಗಿಯನ್ನು ಕೇಳುತ್ತಾರೆ.

"ಇಲ್ಲಕ್ಕಾ. ಜ್ಯೂಸ್ ಅಷ್ಟೇ."

"ಜ್ಯೂಸ್ ಏನು ಗಾಳಿನಾ? ಹೋಗು, ಕೈ ತೊಳ್ಕೊಂಡು ಬಾ. ನಾಳೆ ಏನೂ ಕುಡೀದೆ ನಮ್ಮ ಲ್ಯಾಬ್‌ಗೆ ಬಾ, ನಾನೇ ಇನ್ನೊಂದ್ಸಲ ನೋಡ್ತೀನಿ."

ನಲವತ್ತಾರು ದಾಟಿದ ಪೂಂಗೊಡಿ ಧಾರಾಪುರದ ಕಡೆಯವರು. ಗಂಡ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದು ಉಸಿರಿನ ಕಾಯಿಲೆಯಿಂದ ತೀರಿಹೋದಾಗ ಮಕ್ಕಳಿಬ್ಬರೂ ಚಿಕ್ಕವರು. ಅಂದಿನಿಂದ ಸಣ್ಣದೊಂದು ಲ್ಯಾಬಿನಲ್ಲಿ ದಿನಗೂಲಿ. ಶಿಬಿರವಿದ್ದ ದಿನ ಇನ್ನೂರೈವತ್ತರಿಂದ ಮುನ್ನೂರು ಬೆರಳು. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದುಕೊಂಡು ಏಳುತ್ತಾರೆ, ಹಿಂದಿನ ದಿನದ ಸಾರನ್ನದ ಡಬ್ಬಿ ಬಿಚ್ಚುತ್ತಾರೆ.

ಹೊಲಿಗೆಯವರಿಗೆ ಅವರು ಚುಚ್ಚುವುದು ಎಡಗೈಯ ಉಂಗುರದ ಬೆರಳಿಗೆ, ಅದೂ ಪಕ್ಕದಲ್ಲಿ. "ಬಟ್ಟೆ ಸರ್ಸೋಕೆ ಉಳಿದ ಬೆರಳು ಬೇಕಲ್ಲ. ಬಿಳಿ ಬನಿಯನ್ ಮೇಲೆ ಒಂದು ಹನಿ ರಕ್ತ ಬಿದ್ರೂ ಸೂಪರ್‌ವೈಸರ್ ಎಲ್ರ ಮುಂದೆ ಮಾನ ಕಳೀತಾನೆ" ಎನ್ನುತ್ತಾರೆ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ.

ಮೇಜಿನ ಬಗ್ಗೆ ಜಗಳ ಮಾತ್ರ ಪ್ರತಿ ಶಿಬಿರದಲ್ಲೂ ಇದ್ದದ್ದೇ. ಹಬ್ಬ ನಡೆಸಿಕೊಡುವ ಏಜೆನ್ಸಿಯ ದಿನಕರನ್ ಒಳ್ಳೆಯ ಮನುಷ್ಯ, ಮಾತಿನಲ್ಲಿ ಮಾತ್ರ ಸೋಲುವವನಲ್ಲ.

"ನನ್ನ ಮೇಜು ಗೇಟಿಗೆ ಹಾಕಿ, ಜ್ಯೂಸ್ ಆಮೇಲೆ ಕೊಡಿ ತಮ್ಮಾ."

"ಗೇಟಲ್ಲೇ ಫೋಟೊ ಬೇಕಂತೆ ಅಕ್ಕಾ. ಕಂಪನಿಯವ್ರು ದುಡ್ಡು ಹಾಕೋದೇ ಅದಕ್ಕೆ."

"ರಕ್ತ ಕೊಟ್ಟಾದ್ಮೇಲೆ ಫೋಟೊ ಬರಲ್ವಾ?"

"ಬರುತ್ತೆ. ಸೂಜಿ ಚುಚ್ಚಿಸ್ಕೊಂಡ್ಮೇಲೆ ನಗೋರು ಯಾರಿದಾರೆ ಹೇಳಿ?"

ಸುತ್ತ ನಿಂತವರು ನಗುತ್ತಾರೆ. ಪೂಂಗೊಡಿ ನಗುವುದಿಲ್ಲ. ಅದರ ಕಾರಣ ತಿಳಿಯಲು ನಾನು ಮೂರು ಭಾನುವಾರ ಅವರ ಮನೆಗೆ ಹೋಗಬೇಕಾಯಿತು.

ನಾಲ್ಕು ವರ್ಷದ ಹಿಂದೆ, ಬೇರೊಂದು ಕಾರ್ಖಾನೆಯಲ್ಲಿ ಇಂಥದೇ ಹಬ್ಬ. ಅಂದು ಕೈ ತೊಳೆಯಲು ನೀರಿರಲಿಲ್ಲ. ಬೆರಳಿಗೆ ಜ್ಯೂಸ್ ಅಂಟಿದ್ದರೆ ಯಂತ್ರ ಅದನ್ನೂ ಸೇರಿಸಿ ಲೆಕ್ಕ ಹೇಳುತ್ತದೆ. ಸಾಲಿನಲ್ಲಿ ಬಂದವರಲ್ಲಿ ಅರ್ಧಕ್ಕರ್ಧ ಜನರ ಸಕ್ಕರೆ ಏರಿತ್ತು. ಹೆಚ್ಚು ಬಂದವರ ಮುಂದೆಲ್ಲ 'ಜ್ಯೂಸ್' ಎಂದು ಬರೆದುಬಿಡಿ ಎಂದಿದ್ದ ದಿನಕರನ್. ಪೂಂಗೊಡಿ ಬರೆಯುತ್ತ ಹೋದರು. ಬನಿಯನ್ನಿನ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರದ ಪೇಚಿಯಮ್ಮಾಳ್ ಬೆರಳು ಚಾಚಿದಾಗ ಬಂದದ್ದು ಮುನ್ನೂರ ಹನ್ನೆರಡು. ಅದರ ಮುಂದೆಯೂ 'ಜ್ಯೂಸ್' ಎಂದು ಬರೆದರು. ಗಾಬರಿಯಾಗಬೇಡಿ, ಜ್ಯೂಸಿನಿಂದ ಹಾಗೆ ಕಾಣುತ್ತದೆ ಎಂದೂ ಹೇಳಿದರು.

ಎರಡು ವರ್ಷ ಕಳೆದು ಕಣ್ಣಿನ ಶಿಬಿರವೊಂದರಲ್ಲಿ ಹೆಂಗಸೊಬ್ಬಳು ಮಗಳ ಹೆಗಲು ಹಿಡಿದು ಬಂದು, ಅಲ್ಲೂ ಸಕ್ಕರೆ ನೋಡುತ್ತಿದ್ದ ಪೂಂಗೊಡಿಯ ಮುಂದೆ ಕೂತಳು. ಹೊಲಿಗೆಯವರು ಎಂದು ಮಗಳು ಹೇಳಿದಳು. ಸೂಜಿ ತಾಗಿದ್ದೇ ತಡ, ಆಕೆ ಮುಖ ಎತ್ತಿದಳು.

"ಈ ಬೆರಳಿನ ಪಕ್ಕ ಚುಚ್ಚೋಳು ನೀನೊಬ್ಳೇ. ಕಾರ್ಖಾನೆಗೆ ಬಂದಿದ್ದ ಅಮ್ಮಣಿ ಅಲ್ವಾ?"

ಪೇಚಿಯಮ್ಮಾಳ್ ಎಂದು ಪೂಂಗೊಡಿಗೆ ಗುರುತು ಹತ್ತಿತು. ಸಕ್ಕರೆ ಕಾಯಿಲೆಗೆ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಬೆಳಕು ಮಾತ್ರ ಕಾಣುತ್ತಿತ್ತು.

"ಅವತ್ತು ನೀನು ಜ್ಯೂಸಿಂದ ಅಂದೆ. ನಾನು ಕುಡಿದೇ ಇರ್ಲಿಲ್ಲ ಅಮ್ಮಣಿ. ಇವಳಿಗೆ ಅಂತ ಎರಡನ್ನೂ ಬ್ಯಾಗಲ್ಲಿ ಇಟ್ಕೊಂಡಿದ್ದೆ."

"ಅಯ್ಯೋ, ಹೇಳ್ಬಾರ್ದಿತ್ತಾ ಅಕ್ಕಾ?"

"ಮನೆಗೆ ಒಯ್ತೀನಿ ಅಂದ್ರೆ ವಾಪಸ್ ಕಿತ್ಕೋತಾರೇನೋ ಅಂತ ಸುಮ್ನಾದೆ. ನೀನೂ ಏನಿಲ್ಲ ಅಂದ್ಯಲ್ಲ, ನಂಗೂ ನೆಮ್ಮದಿ ಆಯ್ತು."

ಇದನ್ನು ಹೇಳುವಾಗ ಪೂಂಗೊಡಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ನನಗೆ ಪೆನ್ನು ಕೆಳಗಿಡದೆ ಬೇರೆ ದಾರಿ ಇರಲಿಲ್ಲ. "ಅವತ್ತು ನನ್ನ ಬ್ಯಾಗಲ್ಲೂ ಎರಡು ಪೊಟ್ಟಣ ಇತ್ತು. ನನ್ನ ಮಕ್ಕಳಿಗೆ" ಎನ್ನುತ್ತಾರೆ. "ಯಾವ ತಾಯಿ ಅಲ್ಲೇ ನಿಂತು ಕುಡೀತಾಳೆ? ನಂಗೆ ಗೊತ್ತಿರ್ಬೇಕಾಗಿತ್ತು. ಬೇರೆ ಯಾರಿಗೆ ಗೊತ್ತಿರ್ದಿದ್ರೂ ನಂಗೆ ಗೊತ್ತಿರ್ಬೇಕಾಗಿತ್ತು."

ಕಾಯಿಲೆ ಮೊದಲೇ ಇತ್ತಲ್ಲ, ತಪ್ಪು ನಿಮ್ಮೊಬ್ಬರದೇ ಅಲ್ಲ ಎಂದು ನಾನೂ ಹೇಳಿ ನೋಡಿದೆ. ಅವರ ಕಿವಿಗೆ ಅದು ಬೀಳಲಿಲ್ಲ. ಬಿಸ್ಕತ್ತು ಕಂಪನಿಗೆ ಈ ವಿಷಯ ಗೊತ್ತೇ ಇಲ್ಲ. ಅವರ ಹತ್ತಿರ ಇರುವುದು ಪೊಟ್ಟಣ ಹಿಡಿದು ನಗುತ್ತಿರುವ ಪೇಚಿಯಮ್ಮಾಳ್‌ಳ ಫೋಟೊ.

ಅಂದಿನಿಂದ ಪೂಂಗೊಡಿ ಆ ಒಂದು ಪದವನ್ನು ಎಲ್ಲೂ ಬರೆದಿಲ್ಲ. ಸ್ವಂತ ಖರ್ಚಿನಲ್ಲಿ ಕೊಡ, ಚೊಂಬು, ಸೋಪು ತರುತ್ತಾರೆ. ಪ್ರತಿಯೊಬ್ಬರನ್ನೂ "ಕುಡಿದ್ಯಾ, ಬ್ಯಾಗಲ್ಲಿದ್ಯಾ?" ಎಂದು ಕೇಳುತ್ತಾರೆ. "ಬ್ಯಾಗಲ್ಲಿದ್ರೂ ಯಾರೂ ಕಿತ್ಕೊಳಲ್ಲ, ನಾನಿದೀನಿ" ಎಂದು ಮೆಲ್ಲಗೆ ಸೇರಿಸುತ್ತಾರೆ. ಇದರಿಂದ ಸಾಲು ನಿಧಾನವಾಗುತ್ತದೆ. ಎರಡು ಏಜೆನ್ಸಿಗಳು ಅವರನ್ನು ಕರೆಯುವುದನ್ನೇ ಬಿಟ್ಟಿವೆ. ಉಳಿದಿರುವುದು ದಿನಕರನ್ ಒಬ್ಬ.

ಆಸೆ ಏನು ಎಂದರೆ ದೊಡ್ಡದೇನನ್ನೂ ಹೇಳುವುದಿಲ್ಲ. "ಜ್ಯೂಸ್ ನಿಲ್ಸಿ ಅಂದ್ರೆ ಹಬ್ಬಾನೇ ನಿಲ್ಸ್ತಾರೆ. ಆಗ ಈ ಒಂದು ಹನಿನೂ ಯಾರೂ ನೋಡಲ್ಲ. ನನ್ನ ಮೇಜು ಮುಂದೆ ಬಂದ್ರೆ ಸಾಕು, ಹದಿನೈದು ಹೆಜ್ಜೆ."

ಭಾನುವಾರ ಬೆಳಿಗ್ಗೆ ಅವರು ಪೇಚಿಯಮ್ಮಾಳ್‌ಳ ಒಂದು ಕೋಣೆಯ ಮನೆಗೆ ಸಕ್ಕರೆ ನೋಡಲು ಹೋಗುತ್ತಾರೆ. ಮೂರನೇ ಭಾನುವಾರ ನಾನೂ ಜೊತೆಗಿದ್ದೆ. ಪೇಚಿಯಮ್ಮಾಳ್ ಬಾಗಿಲಲ್ಲೇ ಕೂತು, ಕಾಲಿನ ಸದ್ದು ಕೇಳಿ ಬಲಗೈ ಮುಂದೆ ಚಾಚಿದರು.

"ಎಡಗೈ ಕೊಡಿ ಅಕ್ಕಾ."

"ಅದೊಂದೇ ಬೆರಳು ಎಷ್ಟೂಂತ ತೂತು ಮಾಡ್ತೀಯ? ಇದಕ್ಕೆ ಚುಚ್ಚು. ನಾನಿನ್ನೇನು ಮೆಷಿನ್ ಮುಂದೆ ಕೂರ್ತೀನಾ?"

ಪೂಂಗೊಡಿ ಆ ಬಲಗೈಯನ್ನು ಮೆಲ್ಲಗೆ ಆಕೆಯ ಮಡಿಲಿಗೆ ಮರಳಿಸಿದರು. ಎಡಗೈ ತೆಗೆದುಕೊಂಡು, ಉಂಗುರದ ಬೆರಳನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದರು.

"ಹೊಲಿಗೆ ಬೆರಳು ನಾನು ಚುಚ್ಚಲ್ಲ ಅಕ್ಕಾ."