ಭಾರ ಬಿದ್ದ ಮೇಲೆಯೇ ಬಿಗಿ

"ಹೊರಗಿನ ಸಾಮಾನಾ? ಹಾಗಾದ್ರೆ ಹೊರಗೇ ಇಟ್ಕೊಳ್ಳಿ ಸ್ವಾಮಿ."

ದೊಡ್ಡ ಬೀದಿಯ ಗ್ಯಾರೇಜಿನ ಯಜಮಾನರು ಹೀಗೆಂದವರೇ, ನಮ್ಮ ಲಾರಿಯಲ್ಲಿದ್ದ ಮರದ ಪೆಟ್ಟಿಗೆಯ ಕಡೆ ಮುಖ ಕೂಡ ತಿರುಗಿಸದೆ ಒಳಗೆ ಹೋದರು. "ನಾವು ಬಟ್ಟೆ ತಗೊಂಡು ಹೋದ್ರೆ ದರ್ಜಿ ಹೊಲಿಯಲ್ವಾ? ಇವರಿಗೇನು ಬಂತು ದೊಡ್ಡಸ್ತಿಕೆ!" ಎಂದು ನನ್ನ ಹೆಂಡತಿ ಅವರ ಬೆನ್ನಿಗೆ ಕೇಳುವಂತೆಯೇ ಅಂದಳು. ಕಮಾನಣ್ಣನವರ ನಿವೃತ್ತಿಯ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆದುಕೊಡಿರೆಂದು ಲಾರಿ ಮಾಲೀಕರ ಸಂಘದವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ ಮಾತು. ಆ ಯಜಮಾನರು ಅಂದು ಅಷ್ಟು ಚೆನ್ನಾಗಿ ಬೈದು ಕಳಿಸದಿದ್ದರೆ ನಾವು ಟೈರ್ ಅಂಗಡಿಯ ಹಿಂದಿನ ಕಮಾನಣ್ಣನವರ ತಗಡಿನ ಶೆಡ್ಡಿಗೆ ಹೋಗುತ್ತಲೇ ಇರಲಿಲ್ಲ.

ವಾಹನ ದುರಸ್ತಿಯೆಂಬ ಮಹಾವಿದ್ಯೆಯಲ್ಲಿ ಇಂಜಿನ್ ಬಲ್ಲವರಿಗೆ ಮೊದಲ ಮಣೆ, ಬಣ್ಣ ಬಳಿಯುವವರಿಗೆ ಎರಡನೆಯದು. ಲಾರಿಯ ಹೊಟ್ಟೆಯಡಿಯಲ್ಲಿ ಮಲಗಿ, ಕೆಸರು ಕೆರೆದು, ಭಾರ ಹೊರುವ ಕಮಾನು ಪಟ್ಟಿಗಳನ್ನು ಜೋಡಿಸುವವರಿಗೆ ಮಣೆಯೂ ಇಲ್ಲ, ಚಾಪೆಯೂ ಇಲ್ಲ. ಅಂಥ ಕೆಲಸವನ್ನೇ ಹುಡುಕಿ ಆರಿಸಿಕೊಂಡು, ಅದರಲ್ಲೇ ತಲೆ ನರೆಸಿ, ತಮ್ಮ ಸ್ವಂತ ಹೆಸರನ್ನು ಊರು ಮರೆತೇ ಬಿಡುವ ಮಟ್ಟಿಗೆ ಕಮಾನಣ್ಣ ಎಂದೇ ಖ್ಯಾತರಾದವರು ನಮ್ಮ ಹಿರಿಯರು. ದೊಡ್ಡದೊಂದು ಸಾರಿಗೆ ಡಿಪೋದ ಕಮಾನು ವಿಭಾಗದಲ್ಲಿ ಅವರ ಸೇವೆ ಆರಂಭವಾಯಿತು. ಇಂಜಿನ್ ವಿಭಾಗಕ್ಕೆ ಬಡ್ತಿ ಕೊಡುತ್ತೇವೆಂದಾಗ, "ಅಲ್ಲಿ ಗಲಾಟೆ ಜಾಸ್ತಿ, ನನ್ನ ಮಾತು ನಂಗೇ ಕೇಳ್ಸಲ್ಲ" ಎಂದು ಬೇಡವೆಂದರಂತೆ. ಇದನ್ನು ನಂಬಬಹುದು, ಮಾತಿಲ್ಲದೆ ಅವರು ಒಂದು ನಟ್ಟು ತಿರುಗಿಸಿದ್ದನ್ನೂ ನಾನು ಕಂಡಿಲ್ಲ. ಡಿಪೋ ಮುಚ್ಚಿದ ಮೇಲೆ ಹಾಕಿಕೊಂಡದ್ದು ಈ ಶೆಡ್ಡು. ತೊಲೆಗಳಿಂದ ಉದ್ದಕ್ಕೆ ತಕ್ಕಂತೆ ತೂಗುಬಿದ್ದ ಹಳೆಯ ಪಟ್ಟಿಗಳು, ಮುರಿದ ಪಟ್ಟಿಗಳನ್ನೇ ಕಾಲಾಗಿಸಿದ ಒಂದು ಬೆಂಚು, ಗೋಡೆಗೊರಗಿದ ಎರಡು ಜಾಕಿ, ಗ್ರೀಸಿನ ಡಬ್ಬದ ಮೇಲೆ ಸದಾ ಮಗುಚಿಟ್ಟ ಚಹಾದ ಲೋಟ: ಇಷ್ಟೇ ಅದರ ವೈಭವ.

ನಾನೂ ನನ್ನವಳೂ ಕಿಟಕಿಯ ಗಾಜು, ಕನ್ನಡಿ ಸಾಗಿಸುವವರು. ಲಾರಿ ಓಡಿಸುವುದು ನನ್ನ ಕೆಲಸ, ಉಳಿದದ್ದೆಲ್ಲ ಅವಳದು. ಗಾಜಿನ ಹಲಗೆಗಳ ನಡುವೆ ಹಳೆಯ ಕಂಬಳಿ ತುರುಕಿ ಹಗ್ಗ ಬಿಗಿಯುವವಳು ಅವಳು. ಹಿಂದೆ ಎಲ್ಲೋ ಗಾಜು ಚಿಣ್ಣೆಂದರೆ ನನಗಿಂತ ಮುಂಚೆ ಕೇಳಿಸಿಕೊಂಡು "ನಿಲ್ಸಿ" ಅನ್ನುವವಳೂ ಅವಳೇ. ಹೀಗಿರುವಾಗ ಅವಳ ಸೊಂಟ ಹಿಡಿದುಕೊಂಡಿತು. ಕುಲುಕಾಟ ಪೂರ್ತಿ ತಪ್ಪಿಸಬೇಕು, ಇಲ್ಲದಿದ್ದರೆ ಮುಂದೆ ನಡೆಯುವುದೂ ಕಷ್ಟ ಎಂದರು ಡಾಕ್ಟರು. "ಕುಲುಕಾಟ ತಪ್ಸಿ ಅಂದ್ರು, ಲಾರಿ ತಪ್ಸಿ ಅನ್ಲಿಲ್ಲ" ಎಂದು ಇವಳ ವಾದ. ಬಿಡಿಭಾಗಗಳ ಅಂಗಡಿಯಲ್ಲಿದ್ದ ಅವಳ ತಮ್ಮ ದೂರದ ಊರಿನಿಂದ ಒಂದು ಪೆಟ್ಟಿಗೆ ಕಳಿಸಿಕೊಟ್ಟ. ಮೆತ್ತಗೆ ಬಾಗುವ ಹೊಸ ಪಟ್ಟಿಗಳು, ಅವುಗಳ ತುದಿಯ ತೂತಿಗೆ ಕೂರುವ ರಬ್ಬರಿನ ಬುಷ್ಷುಗಳು, ನಾಲ್ಕು ಶಾಕ್ ಅಬ್ಸಾರ್ಬರು. ಕಂಪನಿಯ ಸಾಮಾನಲ್ಲ, ಆದರೆ ಒಳ್ಳೆಯ ಸಾಮಾನು. ಅದನ್ನು ಕೂರಿಸುವವರು ಮಾತ್ರ ಸಿಗಲಿಲ್ಲ. ಒಬ್ಬರು "ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ" ಎಂದರು. ಇನ್ನೊಬ್ಬರು "ನಮ್ಮಲ್ಲೇ ತಗೊಂಡ್ರೆ ಹಾಕ್ತೀವಿ" ಎಂದರು. ದೊಡ್ಡ ಬೀದಿಯವರ ಮಾತು ಆಗಲೇ ಹೇಳಿದೆ.

ಕಮಾನಣ್ಣನವರು ಪೆಟ್ಟಿಗೆ ಬಿಚ್ಚಿ, ಪಟ್ಟಿಯನ್ನು ಬೆರಳ ಗಂಟಿನಿಂದ ತಟ್ಟಿ ಕಿವಿಗೊಟ್ಟು, ರಬ್ಬರನ್ನು ಉಗುರಿನಿಂದ ಒತ್ತಿ ಮೂಸಿ ನೋಡಿದರು.

"ಹೊರಗಿನ ಸಾಮಾನು ಅಣ್ಣಾ" ಎಂದೆ, ಮೊದಲೇ ಹೇಳಿಬಿಡೋಣವೆಂದು.

"ಸಾಮಾನಿಗೆ ಒಳಗು ಹೊರಗು ಏನೋ ತಮ್ಮಾ? ಲಾರಿಗೆ ಕೂತ್ಕೊಂಡ್ರೆ ಎಲ್ಲಾ ಒಳಗಿಂದೇ" ಎಂದು ನಕ್ಕು, ಇವಳನ್ನು ಬೆಂಚಿನ ಮೇಲೆ ಕೂರಿಸಿ, ಹಿಂದಕ್ಕೊಂದು ಗೋಣಿಚೀಲದ ಸುರುಳಿ ಇಟ್ಟರು. ಸೊಂಟದ ಮಾತನ್ನು ನಾವಿನ್ನೂ ಎತ್ತಿರಲಿಲ್ಲ. ಲಾರಿಯಿಂದ ಇಳಿದ ಬಗೆಯಲ್ಲೇ ಅವರಿಗೆ ತಿಳಿದಿತ್ತು. ಸಂಜೆಯ ಹೊತ್ತಿಗೆ ಕೆಲಸ ಮುಗಿದು ಲಾರಿ ಹೊಸ ಕಾಲು ಬಂದಂತೆ ನಿಂತಿತ್ತು.

ಆದರೆ ಓಡಿಸಿದಾಗ ಮೊದಲಿಗಿಂತ ಹೆಚ್ಚು ಒದೆಯಿತು! ಹೊಸದು, ಪಳಗಬೇಕು ಎಂದುಕೊಂಡೆವು. ಪಳಗಲಿಲ್ಲ. ಒಂದು ಮಧ್ಯಾಹ್ನ ನನ್ನವಳು ಲಾರಿಯಿಂದ ಇಳಿಯಲಾಗದೆ ಬಾಗಿಲು ಹಿಡಿದು ಎಷ್ಟೋ ಹೊತ್ತು ನಿಂತಳು. ಮರುದಿನದಿಂದ ಬರುವುದಿಲ್ಲವೆಂದಳು, ಅಳಲಿಲ್ಲ, ಕಂಬಳಿಗಳನ್ನು ಹೇಗೆ ತುರುಕಬೇಕೆಂದು ತೋರಿಸಿಕೊಟ್ಟಳು, ಅಷ್ಟೆ. ಅಣ್ಣನವರನ್ನು ದೂರಲು ಅವಳಿಗೂ ಮನಸ್ಸಿಲ್ಲ, ನನಗೂ ಇಲ್ಲ. ಎಲ್ಲರೂ ಅಟ್ಟಿದಾಗ ಬೆಂಚು ಕೊಟ್ಟವರಲ್ಲವೇ?

ಆ ವಾರವೇ ಒಬ್ಬನೇ ಶೆಡ್ಡಿನ ಮುಂದೆ ಹಾದುಹೋಗುತ್ತಿದ್ದಾಗ ಹಿಂದಿನಿಂದ ಯಾರೋ ಲಾರಿಯ ಮೈ ಬಡಿದರು. ಕನ್ನಡಿಯಲ್ಲಿ ನೋಡಿದರೆ ಕಮಾನಣ್ಣನವರು, ಕೈಯಲ್ಲಿ ಸ್ಪ್ಯಾನರ್, ಒಂದು ಕಾಲಲ್ಲಷ್ಟೇ ಚಪ್ಪಲಿ.

"ನಿಲ್ಸೋ! ಏ ತಮ್ಮಾ, ನಿಲ್ಸು! ಏನೋ ಇದು, ಲಾರಿ ಬಿಕ್ಕಳಿಸ್ಕೊಂಡು ಹೋಗ್ತಿದೆ?" ಏದುಸಿರು ಬಿಡುತ್ತ ಕ್ಯಾಬಿನ್ನಿಗೆ ಇಣುಕಿದರು. "ತಂಗಿ ಎಲ್ಲಿ?"

"ಮನೇಲಿದಾಳೆ ಅಣ್ಣಾ. ನೋವು ಜಾಸ್ತಿ ಆಯ್ತು. ಇನ್ನು ಬರಲ್ಲ ಅಂತಾಳೆ."

ಖಾಲಿ ಸೀಟನ್ನು ಒಂದು ಗಳಿಗೆ ನೋಡಿ, ನಡುರಸ್ತೆಯಲ್ಲೇ ಲಾರಿಯಡಿಗೆ ತೂರಿದರು. ಹಿಂದಿನ ವಾಹನಗಳು ಹಾರನ್ ಹೊಡೆದವು. ಕೆಳಗಿನಿಂದಲೇ ಅವಕ್ಕೂ ಎರಡು ಮಾತು ಬೈದರು. ಈಚೆ ಬಂದಾಗ ಅವರ ಮುಖ ಸಣ್ಣಗಾಗಿತ್ತು.

"ನಂದೇ ತಪ್ಪು ಕಣೋ. ನಮ್ಮ ಹಳೇ ಹಿತ್ತಾಳೆ ಬುಷ್ಷು ಯಾವಾಗ ಬಿಗಿ ಮಾಡಿದ್ರೂ ನಡೀತಿತ್ತು, ತನ್ನ ಪಾಡಿಗೆ ತಿರುಗ್ತಿತ್ತು. ಇದು ರಬ್ಬರು. ಜಾಕಿ ಮೇಲೆ ಚಕ್ರ ನೇತಾಡ್ತಿರೋವಾಗ್ಲೇ ಬಿಗಿ ಮಾಡ್ಬಿಟ್ಟೆ. ಅದು ಹಾಗೇ ಹಿಡ್ಕೊಂಡ್ಬಿಡ್ತು. ಕೆಳಗಿಳಿಸಿ ಭಾರ ಬಿದ್ದ ಮೇಲೆ ತಿರುಚ್ಕೊಂಡು ಒದ್ದಾಡ್ತಿದೆ. ಆ ಒದ್ದಾಟವೆಲ್ಲಾ ಹೋಗಿ ಎಲ್ಲಿಗೆ ಬಿತ್ತು? ತಂಗಿ ಸೊಂಟಕ್ಕೆ."

ಸಾಮಾನು ಸರಿಯಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು; ನಾವೂ ನಂಬುತ್ತಿದ್ದೆವು. ಹೊರಗಿನ ಸಾಮಾನಿಗೆ ಅಷ್ಟು ಅಪವಾದ ಹೊರಿಸಿದರೆ ಕೇಳುವವರಾರು? ತನ್ನ ತಪ್ಪಿನ ಹಿಂದೆ ಒಂಟಿ ಚಪ್ಪಲಿಯಲ್ಲಿ ಓಡಿಬಂದು ಅದನ್ನು ಹಿಡಿದು ನಿಲ್ಲಿಸಿದ ಮೆಕ್ಯಾನಿಕ್ಕರನ್ನು ನಾನು ಅಂದು ಮೊದಲ ಸಲ ಕಂಡೆ.

"ನಾಳೆ ಗಾಜು ತುಂಬ್ಕೊಂಡೇ ಬಾ. ತಂಗೀನೂ ಕರ್ಕೊಂಡು ಬಾ. ದಿನಾ ಹೇಗೆ ಹೋಗ್ತೀರೋ ಹಾಗೇ ಇರಬೇಕು ಭಾರ."

"ನನ್ನನ್ನೇನು ಗಾಜು ಅಂದ್ಕೊಂಡ್ರಾ?" ಎಂದು ಗೊಣಗುತ್ತಲೇ ಮರುದಿನ ಅವಳು ಮೆಲ್ಲಗೆ ಲಾರಿ ಹತ್ತಿದಳು. ಶೆಡ್ಡಿನಲ್ಲಿ ನಾನೂ ಸ್ಟೀರಿಂಗ್ ಮುಂದೆ ಕೂರಬೇಕಾಯಿತು. ಜಾಕಿಯಿಲ್ಲದೆ, ಚಕ್ರಗಳು ನೆಲದ ಮೇಲಿರುವಂತೆಯೇ ಅವರು ಅಡಿಗೆ ಹೋಗಿ ಎಲ್ಲ ಬೋಲ್ಟುಗಳನ್ನೂ ಸಡಿಲಿಸಿದರು. ಲಾರಿ ನಿಟ್ಟುಸಿರು ಬಿಟ್ಟಂತೆ ಕೊಂಚ ಕುಸಿದು ತನ್ನ ಜಾಗ ತಾನೇ ಹುಡುಕಿಕೊಂಡಿತು.

"ಏನು ತಂಗೀ, ಮಾತೇ ನಿಂತ್ಹೋಯ್ತು?" ಎಂದರು ಕೆಳಗಿನಿಂದ.

"ನಾನೀಗ ಲೋಡು ಅಣ್ಣಾ. ಲೋಡು ಮಾತಾಡಲ್ಲ."

"ಇಂಥಾ ಒಳ್ಳೇ ಲೋಡು ನಿನ್ನ ಗಂಡಂಗೆ ದಿನಾ ಸಿಗ್ಲಪ್ಪ!"

ನಗು ತಡೆಯಲಾರದೆ ಇವಳು ಅಲುಗಾಡಿದಳು. ಅಲುಗಾಡಬೇಡವೆಂದು ಅವರು ಬೈದರು. ಭಾರ ಕೂತಲ್ಲೇ ಒಂದೊಂದು ಬೋಲ್ಟನ್ನೂ ಬಿಗಿ ಮಾಡಿ ಈಚೆ ಬಂದು, ಗುಂಡಿ ಬಿದ್ದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರಲು ಕಳಿಸಿ, ತಾವು ಬಾಗಿಲಲ್ಲಿ ಕೈಕಟ್ಟಿ ನಿಂತರು. ತಿರುಗಿ ಬಂದಾಗ ನನ್ನನ್ನು ಕೇಳಲೇ ಇಲ್ಲ. "ಓಡಿಸೋನಿಗೆ ಹಿಡ್ಕೊಳ್ಳೋಕೆ ಸ್ಟೀರಿಂಗ್ ಇರುತ್ತೆ, ಅವನ ಸಾಕ್ಷಿ ಬೇಡ. ನೀನು ಹೇಳಮ್ಮ."

ಇವಳು ಇಳಿಯಲು ಬಾಗಿಲಿಗೆ ಕೈ ಹಾಕಲಿಲ್ಲ. "ಇನ್ನೊಂದ್ಸಲ ಹೋಗೋಣ" ಎಂದಳು.

"ಯಾಕೆ? ನೋವಾಯ್ತಾ?"

"ಇಲ್ಲ ಅಣ್ಣಾ. ಆಗ್ಲಿಲ್ಲ. ಅದಕ್ಕೇ ಇನ್ನೊಂದ್ಸಲ."

ಕಮಾನಣ್ಣನವರು ತೋಳಿನಿಂದ ಮುಖ ಒರೆಸಿಕೊಂಡರು. ಅಲ್ಲಿದ್ದ ಗ್ರೀಸೆಲ್ಲ ಕೆನ್ನೆಗೆ ಬಂತು.

ಅಂದಿನಿಂದ ಅದು ಅವರ ಶೆಡ್ಡಿನ ಶಾಸನವಾಯಿತು. ಯಾವ ವಾಹನಕ್ಕೆ ಕಮಾನು ಹಾಕಿದರೂ, ದಿನನಿತ್ಯ ಅದರಲ್ಲಿ ಕೂರುವವರೆಲ್ಲ ಬಂದು ಕೂರಬೇಕು. ಫೋಟೋ ತೆಗೆಸಿಕೊಳ್ಳುವವರಂತೆ ಮನೆಮಂದಿಯೆಲ್ಲ ನಿಂತ ವಾಹನದಲ್ಲಿ ನೆಟ್ಟಗೆ ಕೂತಿರುವುದೂ, ಕೆಳಗಿನಿಂದ ಅಣ್ಣನವರ ಮಾತು ಬರುತ್ತಿರುವುದೂ ಆ ಓಣಿಯ ನಿತ್ಯದ ನೋಟ. ಸಾಮಾನು ಸಾಗಿಸುವವರೊಬ್ಬರು "ಅತ್ತೇನೂ ಕೂರಿಸ್ಬೇಕಾ?" ಎಂದು ಕೇಳಿದರಂತೆ. "ದಿನಾ ಕೂರ್ತಾರಾ?" "ಅಯ್ಯೋ, ಇಲ್ಲಪ್ಪ!" "ಹಾಗಾದ್ರೆ ಬೇಡ. ಅಭ್ಯಾಸ ಆಗ್ಬಿಟ್ಟೀತು." ಬೇರೆಯವರು ಹಿಂದಕ್ಕೆ ಕಳಿಸಿದ ಹೊರಗಿನ ಸಾಮಾನುಗಳಿಗೆಲ್ಲ ಅದು ತವರುಮನೆಯಾಯಿತು. ನನ್ನವಳು ಮಾತ್ರ ಆಮೇಲೆ ಒಂದು ಬಾಡಿಗೆಯನ್ನೂ ತಪ್ಪಿಸಲಿಲ್ಲ. ಈಗಲೂ ನನ್ನ ಪಕ್ಕದಲ್ಲೇ ಕೂತು, ನನ್ನ ಗೇರು ಬದಲಾವಣೆಯನ್ನು ಟೀಕಿಸುತ್ತಿದ್ದಾಳೆ.

ಮಂಡಿ ಸೋತದ್ದರಿಂದ ಈಗ ಅವರು ಸ್ಪ್ಯಾನರ್ ಕೆಳಗಿಟ್ಟಿದ್ದಾರೆ. ಶೆಡ್ಡು ಮಗಳ ಕೈಗೆ ಬಂದಿದೆ. "ಅಪ್ಪಾ, ನೀವು ಕುರ್ಚಿ ಬಿಟ್ಟು ಎದ್ರೆ ನಾನು ಕೆಲಸ ಬಿಟ್ಟು ಏಳ್ತೀನಿ" ಎಂಬ ಕಟ್ಟಪ್ಪಣೆಯಾಗಿದೆ. ಅವರು ಕುರ್ಚಿಯಲ್ಲಿದ್ದಾರೆ, ಬಾಯಿಗೆ ನಿವೃತ್ತಿಯಿಲ್ಲ. ಇಷ್ಟು ಜನರ ಸೊಂಟ, ಬೆನ್ನು, ನಿದ್ದೆಗಳನ್ನು ಕಾಪಾಡಿದ ಈ ಹಿರಿಯರ ಆಯುಷ್ಯ ಉದ್ದವಾಗಲಿ, ಆ ಕುರ್ಚಿಯ ಸುತ್ತ ಕೇಳುವವರಿಗೆ ಕೊರತೆಯಾಗದಿರಲಿ, ಮಗಳು ಹತ್ತು ಸಲ ಗದರಿದರೆ ಒಂದು ಸಲವಾದರೂ ಅವರು ಕದ್ದು ಎದ್ದು ಒಂದು ಪಟ್ಟಿಯನ್ನು ತಟ್ಟಿ ನೋಡುವಂತಾಗಲಿ ಎಂಬುದು ನಮ್ಮಿಬ್ಬರ ಹಾರೈಕೆ.

ಬೇರೆಯವರ ಲಾರಿಗಳಿಗೆ ಇಷ್ಟು ಮಾಡಿದವರು ತಾವು ಮಾತ್ರ ಯಾವ ಲಾರಿಯಲ್ಲೂ ದೂರ ಹೋದವರಲ್ಲವೆಂದು ಮೊನ್ನೆ ಮಾತಿನ ನಡುವೆ ತಿಳಿಯಿತು. ಇವಳು ಬಿಡಲಿಲ್ಲ. ಕನ್ನಡಿಗಳ ಒಂದು ಲೋಡು ಹೊರಟಾಗ ಹತ್ತಿಸಿಕೊಂಡೇ ಬಿಟ್ಟಳು. ಅವರಿಗೆ ಕಿಟಕಿಯ ಪಕ್ಕ ಕೊಟ್ಟು ತಾನು ನಡುವೆ ಕೂತಳು. ಊರು ದಾಟುವವರೆಗೂ ಅವರ ಪಾದ ಕ್ಯಾಬಿನ್ನಿನ ನೆಲವನ್ನು ಒತ್ತಿ ಒತ್ತಿ ಪರೀಕ್ಷಿಸುತ್ತಿತ್ತು.

"ಮುಂದೆ ರೈಲ್ವೆ ಗೇಟು ಬರುತ್ತೆ, ನಿಧಾನ."

"ಅಣ್ಣಾ, ಇವತ್ತು ನೀವು ಸುಮ್ನೆ ಕೂರೋಕೆ ಬಂದಿರೋದು."

"ಸುಮ್ನೆ ಕೂರೋದು ಯಾರು ಹೇಳ್ಕೊಟ್ಟಿದಾರಮ್ಮ ನನಗೆ?"

ಎರಡು ಮೈಲಿ ಕಳೆದು ಗೇಟು ಬಂತು. ಕಂಬಿಗಳ ಮೇಲೆ ಲಾರಿ ಒಮ್ಮೆ ಮೇಲೆದ್ದು ಹಗುರವಾಗಿ ಇಳಿಯಿತು. ಏನೆನ್ನುತ್ತಾರೋ ಎಂದು ತಿರುಗಿ ನೋಡಿದರೆ ಕಮಾನಣ್ಣನವರು ಬಾಯಿ ಅರೆತೆರೆದು ಗಾಢ ನಿದ್ದೆಯಲ್ಲಿದ್ದರು. ನನ್ನವಳು ಅವರ ಮೇಲಿಂದ ಕೈ ಚಾಚಿ, ಸದ್ದಾಗದಂತೆ ಕಿಟಕಿಯ ಗಾಜನ್ನು ಏರಿಸಿದಳು.