ದೇವರ ಗೂಡಿನಲ್ಲಿದ್ದ ಮಾತ್ರೆ

ಇದನ್ನು ಓದುವ ಭಕ್ತರ ಮುಂದೆ ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮವ್ವನನ್ನು ಮೈಸೂರಿಗೆ ಕರೆದುಕೊಂಡು ಹೋದದ್ದು ಸೋಮವಾರ ಎಂದು ನನಗೆ ಚೆನ್ನಾಗಿ ನೆನಪಿದೆ. ಆದರೆ ನನ್ನ ಡೈರಿಯಲ್ಲಿ ಅದು ಮಂಗಳವಾರದ ಪುಟದಲ್ಲಿದೆ. ಶಿವನ ವಾರವೇ ಆಗಿರಲಿ ಎಂದು ಮನಸ್ಸು ಒಂದು ದಿನ ಹಿಂದಕ್ಕೆ ಸರಿಸಿಕೊಂಡಿತೋ ಏನೋ. ೨೦೦೪ರ ಕಾರ್ತಿಕ ಮಾಸ ಎಂಬುದು ಮಾತ್ರ ಖಚಿತ.

ನಮ್ಮೂರು ಕಂಪಲಾಪುರ. ಸುಧಾ ನನ್ನ ದೊಡ್ಡವ್ವನ ಮಗಳು. ಅವರ ಊರು ಎಚ್.ಡಿ. ಕೋಟೆ ಕಡೆ, ಅಲ್ಲಿ ಹೈಸ್ಕೂಲು ದೂರವೆಂದು ನಮ್ಮ ಮನೆಯಲ್ಲೇ ಇದ್ದು ಓದಿದಳು. ಇಬ್ಬರೂ ಒಂದೇ ವರ್ಷ ಸಿಇಟಿ ಬರೆದೆವು. ಅವಳಿಗೆ ಮೆಡಿಕಲ್ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಅಲ್ಲಿಯದೇ ಒಂದು ಆಸ್ಪತ್ರೆಯಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ ತರಬೇತಿಗೆ ಸೇರಿ, ಆಮೇಲೆ ಅಲ್ಲೇ ಕೆಲಸಕ್ಕೆ ನಿಂತೆ. ರೋಗಿಯ ವಿವರ ಕೇಳಿ ಬರೆಯುವುದು, ಮೊದಲ ಪರೀಕ್ಷೆ ಮಾಡುವುದು, ವೈದ್ಯರಿಗೆ ಒಪ್ಪಿಸುವುದು, ಅವರು ಹೇಳಿದ ಚಿಕಿತ್ಸೆ ದಿನದಿನವೂ ನಡೆಯುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಊರಿನಲ್ಲಿ ಇದನ್ನು ಹೇಳಿ ಮುಗಿಸುವುದೇ ಕಷ್ಟವಾಗಿತ್ತು. ನರ್ಸಾ ಅಂದರೆ ಅಲ್ಲ, ಡಾಕ್ಟ್ರಾ ಅಂದರೂ ಅಲ್ಲ. ‘ಅಂಗಾದ್ರೆ ಅರ್ಧ ಡಾಕ್ಟ್ರು ಅನ್ನು’ ಎಂದು ನನ್ನ ಸೋದರಮಾವ ಒಂದು ಮದುವೆ ಪಂಕ್ತಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದರು. ಆ ಹೆಸರೇ ನಿಂತುಹೋಯಿತು.

ಸುಧಾ ಹುಣಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರಾಗಿದ್ದಳು. ಕರಿ ಗೌನು ತೊಟ್ಟ ಅವಳ ಫೋಟೋ ನಮ್ಮ ಮನೆಯ ಶೋಕೇಸಿನಲ್ಲಿತ್ತು. ಅವ್ವ ದಿನಾ ಅದರ ಗಾಜು ಒರೆಸುತ್ತಿದ್ದಳು. ನನ್ನ ಸರ್ಟಿಫಿಕೇಟು ಟ್ರಂಕಿನಲ್ಲಿತ್ತು. ನಾನು ಆ ಫೋಟೋ ನೋಡದೆ ನಡುಮನೆ ದಾಟುವುದನ್ನು ಕಲಿತಿದ್ದೆ.

ಆ ವರ್ಷದ ಶಿವರಾತ್ರಿಗೆ ಬೆಟ್ಟದಪುರದ ಬೆಟ್ಟ ಹತ್ತಿ ಮಲ್ಲಿಕಾರ್ಜುನಸ್ವಾಮಿಯ ಎದುರು ಕಣ್ಣು ಮುಚ್ಚಿ ಕೇಳಿಕೊಂಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಒಂದೇ ಒಂದು ಸಲ ಸುಧಾ ತಪ್ಪಬೇಕು, ನಾನು ಸರಿಯಾಗಬೇಕು, ಅದು ಅವ್ವನ ಕಣ್ಣೆದುರಿಗೇ ಆಗಬೇಕು. ಇದು ನನ್ನ ಪ್ರಾರ್ಥನೆ. ಈ ಮಾತುಗಳಲ್ಲಿ ನನಗೆ ಅನುಮಾನವಿಲ್ಲ; ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

ಕಾರ್ತಿಕದಲ್ಲಿ ರಜೆಗೆ ಊರಿಗೆ ಹೋದಾಗ ಅವ್ವ ನಲ್ಲಿಯಿಂದ ಬಾಗಿಲಿಗೆ ಒಂದು ಬಿಂದಿಗೆ ನೀರು ತರುವುದರಲ್ಲಿ ಎರಡು ಸಲ ನಿಂತಳು. ಉಸಿರು ಸಾಲುತ್ತಿರಲಿಲ್ಲ. ಮೈಸೂರಿಗೆ ಹೋಗೋಣ ಎಂದೆ.

“ಮೊನ್ನೆನೇ ಬಸ್ಸಲ್ಲಿ ಹುಣಸೂರಿಗೆ ಓಗಿದ್ದೆ. ಸುಧಾ ನೋಡವ್ಳೆ ಕಣವ್ವ, ರಕ್ತ ಕಮ್ಮಿ, ಗ್ಯಾಸು ಅಂದ್ಲು. ಅವ್ಳೇ ಅಂಗಂದ ಮ್ಯಾಕೆ ನಿಂದೇನು, ಬುಡು,” ಎಂದಳು.

ಕೊನೆಯ ಮಾತು ಚುಚ್ಚಿತು. ಅಲ್ಲೇ ಬಿಟ್ಟು ಬಸ್ಸು ಹತ್ತಬೇಕು ಅನ್ನಿಸಿದ್ದೂ ನಿಜ. ಆದರೆ ಜಗಲಿಯ ಮೇಲೆ ಕಾಲು ಚಾಚಿ ಕೂತ ಅವಳ ಎಡಗಾಲಿನ ಚೈನು ಮಾಂಸದೊಳಕ್ಕೆ ಹೂತಿತ್ತು. ಬಲಗಾಲಿನದು ಸಡಿಲವಾಗಿತ್ತು.

ಒಂದೇ ಕಾಲು ಊದಿ ಉಸಿರು ಕಟ್ಟಿದರೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು ಎಂದು ಓದಿದ್ದೆ. ತರಬೇತಿಯಲ್ಲಿ ನಮಗೆ ಇನ್ನೊಂದು ಪಾಠವಿತ್ತು. ಯಾವ ಮಾತ್ರೆ ತಗೊಳ್ತೀರಿ ಎಂದು ಬಾಯಲ್ಲಿ ಕೇಳಿ ಸುಮ್ಮನಾಗಬಾರದು; ಮಾತ್ರೆ ಚೀಲ ತರಿಸಿ ಮಂಚದ ಮೇಲೆ ಸುರಿಸಬೇಕು. ಅವ್ವನ ಚೀಲ ಸುರಿಸಿದೆ. ಬಿ.ಪಿ. ಮಾತ್ರೆ, ಸುಧಾ ಕೊಟ್ಟ ಮಾತ್ರೆ, ಅಷ್ಟೇ. ಬೇರೇನಾದರೂ ಇದೆಯಾ ಎಂದರೆ ಇಲ್ಲವೆಂದಳು.

ಇದರಾಚೆಗೆ ನನ್ನ ಜಾಣತನ ಏನೂ ಇಲ್ಲ. ಹೊರಡುವ ಮುಂಚೆ ಅವಳ ಹಣೆಗೆ ವಿಭೂತಿ ಇಡಲು ದೇವರ ಗೂಡಿಗೆ ಕೈಹಾಕಿದೆ. ವಿಭೂತಿ ತಟ್ಟೆಯ ಹಿಂದೆ ಅರ್ಧ ಖಾಲಿಯಾದ ಒಂದು ಮಾತ್ರೆಯ ಹಾಳೆ ಬೆರಳಿಗೆ ತಾಗಿತು. ಮುಟ್ಟು ಮುಂದೂಡುವ ಮಾತ್ರೆ. ಶ್ರಾವಣದಲ್ಲಿ ಹದಿನಾರು ಸೋಮವಾರದ ವ್ರತ ಹಿಡಿದವಳು, ನಡುವೆ ಮುಟ್ಟಾಗಿ ವಾರ ತಪ್ಪಬಾರದೆಂದು ಮೆಡಿಕಲ್ ಸ್ಟೋರಿನಲ್ಲಿ ತರಿಸಿಕೊಂಡು ಹದಿಮೂರು ವಾರವೂ ಬಿಡದೆ ನುಂಗಿದ್ದಳು. ಅದು ರಕ್ತ ಹೆಪ್ಪುಗಟ್ಟಿಸಬಹುದು.

“ಕೇಳಿದ್ರೆ ಯಾಕೆ ಹೇಳಲಿಲ್ಲ?” ಎಂದೆ.

“ಅದು ಕಾಯಿಲೆ ಮಾತ್ರೆ ಅಲ್ವಲ್ಲೇ, ಪೂಜೆ ಮಾತ್ರೆ,” ಎಂದಳು.

ಸುಧಾಗೂ ಹೇಳಿರಲಿಲ್ಲ. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ: ಆಗ ನನಗೆ ಮೊದಲು ಆದದ್ದು ಭಯವಲ್ಲ, ಖುಷಿ. ಭಯ ಆಮೇಲೆ ಬಂತು, ಅದರ ಹಿಂದೆಯೇ ಬೆಟ್ಟದ ಮೇಲೆ ಕೇಳಿಕೊಂಡದ್ದು ನೆನಪಾಯಿತು.

ಪಕ್ಕದ ಮನೆಯವರ ವ್ಯಾನಿನಲ್ಲಿ ಹೊರಟೆವು. ಹುಣಸೂರಿನಲ್ಲಿ ಸುಧಾಳ ನರ್ಸಿಂಗ್ ಹೋಮಿನ ಮುಂದೆ ನಿಲ್ಲಿಸಲು ಹೇಳಿದೆ, ಆಮ್ಲಜನಕ ಬೇಕಿತ್ತು. ಆ ಮಾತ್ರೆಯ ಹಾಳೆಯನ್ನು ಅವಳ ಕೈಗಿಡುವುದೂ ಬೇಕಿತ್ತು. ಅವಳು ಅದನ್ನು ನೋಡಿದಳು, ಕಾಲು ನೋಡಿದಳು, ಸಿಲಿಂಡರು ಹಾಕಿಸಿ ತಾನೂ ಹತ್ತಿ ಕೂತಳು. ಅವ್ವನ ತಲೆ ಅವಳ ತೊಡೆಯ ಮೇಲಿತ್ತು. ಬಿಳಿಕೆರೆ ದಾಟುವ ಹೊತ್ತಿಗೆ ಅವ್ವನ ತುಟಿ ನೀಲಿಯಾಗಿತ್ತು. “ಚಿಕ್ಕವ್ವ, ಉಸಿರು ತಗೊ,” ಎಂದು ಸುಧಾ ಹೇಳುತ್ತಲೇ ಇದ್ದಳು. ನನ್ನ ಕಡೆ ತಿರುಗಿ ಒಂದೇ ಮಾತು ಅಂದಳು: “ನಾನು ಸೀರೆ ಸರಿಸಿ ಕಾಲು ನೋಡ್ಲಿಲ್ಲ ಕಣೆ.”

ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಮುಂಚೆಯೇ, ಅವ್ವನ ಎದುರಿಗೇ, “ನಾನು ತಪ್ಪಿದೆ ಸರ್, ಕಂಡುಹಿಡಿದಿದ್ದು ಇವಳು,” ಎಂದು ಹೇಳಿಬಿಟ್ಟಳು. ನಾನು ಬೇಡಿಕೊಂಡದ್ದು ಅಕ್ಷರಶಃ ನಡೆಯಿತು. ಅದನ್ನು ಇಷ್ಟು ಸುಲಭವಾಗಿ ಒಪ್ಪಿಕೊಂಡಳಲ್ಲ ಎಂದು ಅದಕ್ಕೂ ನನಗೆ ಹೊಟ್ಟೆಯುರಿಯಿತು. ನಾನಾಗಿದ್ದರೆ ಒಪ್ಪುತ್ತಿದ್ದೆನೇ?

ಸ್ಕ್ಯಾನಿನಲ್ಲಿ ಹೆಪ್ಪು ಕಾಣಿಸಿತು. ಹೆಪ್ಪು ಬೆಳೆಯದಂತೆ ತಡೆಯುವ ಔಷಧಿ ಶುರುಮಾಡಿದರು. ಎರಡು ದಿನ ಏನೂ ಹೇಳಲಾಗದು ಎಂದರು. ದಿನಾ ಬೇರೆಯವರಿಗೆ ಸಮಾಧಾನ ಹೇಳುವ ಕಾರಿಡಾರಿನ ಅದೇ ಬೆಂಚಿನ ಮೇಲೆ ಕೂತು, ನಾನು ಕೇಳಿದ್ದನ್ನು ವಾಪಸು ತಗೊ ತಂದೆ, ಸುಧಾನೇ ಸರಿಯಾಗಲಿ, ನಾನೇ ತಪ್ಪಾಗಲಿ, ಅವ್ವನನ್ನು ಕೊಡು ಎಂದು ಬೇಡಿದೆ. ಪಕ್ಕದಲ್ಲಿ ಸುಧಾ ಕೂತಿದ್ದಳು. ಅವಳೇನು ಬೇಡಿಕೊಂಡಳೋ ತಿಳಿಯದು.

ಮೂರನೇ ದಿನ ಅವ್ವ ಎದ್ದು ಕೂತು ಗಂಜಿ ಕೇಳಿದಳು.

ನನ್ನ ಮೊದಲ ಪ್ರಾರ್ಥನೆಯನ್ನು ಸ್ವಾಮಿ ನಡೆಸಿದನೋ, ಅದನ್ನು ಕೇಳದವನಂತೆ ಇದ್ದು ವಿಭೂತಿ ತಟ್ಟೆಯ ಕಡೆಗೆ ನನ್ನ ಕೈಯನ್ನು ನಡೆಸಿದನೋ, ನಾನು ಹೇಳಲಾರೆ. ಎರಡನೆಯದನ್ನು ಅವನು ಕೇಳಿದ. ಅಂಥ ಕೆಟ್ಟ ಮನಸ್ಸಿನವಳ ಮಾತನ್ನೂ ಕೇಳಿದ. ಅಂದಿನಿಂದ ನನ್ನ ನಂಬಿಕೆ ಅಲುಗಿಲ್ಲ. ವರ್ಷಕ್ಕೊಮ್ಮೆ ಬೆಟ್ಟ ಹತ್ತಿ ಕೈಮುಗಿಯುತ್ತೇನೆ, ಏನನ್ನೂ ಬೇಡುವುದಿಲ್ಲ. ವಾರ್ಡಿನಲ್ಲಿ ಹೆಂಗಸರನ್ನು ಮಾತ್ರೆ ಬಗ್ಗೆ ಕೇಳುವಾಗ ‘ಪೂಜೆಗೆ ಏನಾದ್ರೂ ತಗೊಂಡ್ರಾ?’ ಎಂದು ಸೇರಿಸಿ ಕೇಳುತ್ತೇನೆ.

ವ್ರತದ ಉಳಿದ ಮೂರು ಸೋಮವಾರಗಳನ್ನು ಅವ್ವನ ಪರವಾಗಿ ನಾನೇ ಉಪವಾಸವಿದ್ದು ಮುಗಿಸಿದೆ. ಮರುವರ್ಷ ಸುಧಾಗೆ ಎಂ.ಡಿ. ಸೀಟು ಸಿಕ್ಕಿತು. ಅದೇ ತಿಂಗಳು ನನ್ನ ಕೆಲಸ ಕಾಯಂ ಆಯಿತು. ನನ್ನ ಫೋಟೋನೂ ಶೋಕೇಸಿಗೆ ಬಂತು, ಅವಳದರ ಪಕ್ಕಕ್ಕೆ, ಸ್ವಲ್ಪ ಹಿಂದೆ.

ಒಂದು ಮಧ್ಯಾಹ್ನ ಅವ್ವ ಅವರೆಕಾಯಿ ಸುಲಿಯುತ್ತಿದ್ದಾಗ ಕೇಳಿದೆ: “ಅವ್ವ, ಆ ಹದಿನಾರು ಸೋಮವಾರ ಯಾರಿಗೋಸ್ಕರ ಹಿಡಿದಿದ್ದೆ? ನನಗಾ, ಸುಧಾಗಾ?”

ಅವ್ವ ಮೊರವನ್ನು ನನ್ನ ಕಡೆ ತಳ್ಳಿದಳು. ನಾನೂ ಸುಲಿಯತೊಡಗಿದೆ.