ನಾಲ್ಕು ಪಟ್ಟಿಯ ಶೂ

ಮಗಳು ಚೀನಾದ ರೆಟ್ರೋ ಶೂ ತರಿಸಿದ್ದಾಳೆ. ಬೇಕೆಂದೇ ನಾಲ್ಕು ಪಟ್ಟಿ, ಈಗ ಅದೇ ಫ್ಯಾಷನ್ನು. ಡಬ್ಬದ ಅಂಟಿನ ವಾಸನೆ ನನ್ನನ್ನು ನಾನು ಚಿಕ್ಕವಳಿದ್ದಾಗ ನಾವಿದ್ದ ಎವರ್‌ಗ್ರೀನ್ ಬಡಾವಣೆಯ ಒಂದು ಸತ್ಯನಾರಾಯಣ ಪೂಜೆಗೆ ಎಳೆದೊಯ್ದಿತು.

ಅಪ್ಪನ ಡಾಟ್‌ಕಾಮ್ ಕಂಪನಿ ಮುಚ್ಚಿದ್ದ ಕಾಲ. ಅಸಲಿ ಬ್ರ್ಯಾಂಡಿನ ಶೂಗೆ ಮೂರು ಪಟ್ಟಿ, ಅಮ್ಮ ಅಗ್ಗದ ಸಾಮಾನಿನ ಫ್ಲೀ ಮಾರ್ಕೆಟ್ಟಿನಲ್ಲಿ ಕೊಡಿಸಿದ ನಕಲಿಗೆ ನಾಲ್ಕು. ಪೂಜೆಯ ಮನೆಯ ಬಾಗಿಲ ಬಳಿ ಅದನ್ನು ಅಪ್ಪನ ಶೂ ಕೆಳಗೆ ಬಚ್ಚಿಟ್ಟಿದ್ದರೂ ಮತ್ತೆ ಮತ್ತೆ ಎದ್ದು ಹೋಗಿ ನೋಡುತ್ತಿದ್ದೆ.

"ಒಂದ್ ಕಡೆ ಕೂತ್ಕೊಳೇ, ಕಥೆ ಮುಗೀಲಿ," ಎಂದು ಅಮ್ಮ ಗದರಿದಳು.

ಮತ್ತೊಮ್ಮೆ ಹೋದಾಗ ಗೆಳತಿ ಸ್ಮಿತಾ ತನ್ನ ನಾಲ್ಕು ಪಟ್ಟಿಯ ಶೂ ಬಚ್ಚಿಡುತ್ತಿದ್ದಳು. ನಾನು ವಾಪಸ್ ಹೋಗಿ ಅಮ್ಮನ ಪಕ್ಕ ಕೂತೆ.

ಸೋಮವಾರ ಶಾಲೆಯಲ್ಲಿ ಎಲ್ಲರೂ ಅವಳ ಶೂ ನೋಡಿ ನಕ್ಕರು. ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿದ್ದ ನಾನೂ ನಕ್ಕೆ.

"ವೈ ಆರ್ ಯು ಹೈಡಿಂಗ್ ಮೈ ಶೂಸ್, ಅಮ್ಮಾ?"

ಮಗಳು ಕೇಳಿದಾಗಲೇ ನೋಡಿಕೊಂಡೆ. ಅವಳ ಶೂಗಳನ್ನು ಅವಳಪ್ಪನ ಶೂ ಕೆಳಗೆ ತಳ್ಳಿಬಿಟ್ಟಿದ್ದೆ.